ನಲವತ್ತು ಜನರ ಎರಡು ಕೈ

ಮೂರುಕಲ್ಲು ಎಸ್ಟೇಟಿನ ರೈಟರ್ ಸುರೇಂದ್ರನ ಕೈಗಳಿಗೆ ಇದ್ದದ್ದು ಎರಡೇ ಜಾಗ. ಸಾಹುಕಾರರು ಎದುರಿಗಿದ್ದರೆ ಅವು ಹೊಟ್ಟೆಯ ಮೇಲೆ ಒಂದರ ಮೇಲೊಂದು ಕೂತಿರುತ್ತಿದ್ದವು. ಸಾಹುಕಾರರ ಜೀಪು ತಿರುವು ದಾಟಿತೆಂದರೆ ಬೆನ್ನ ಹಿಂದೆ ಹೋಗುತ್ತಿದ್ದವು. ತೋಟದಲ್ಲಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಮರದ ತುದಿ ನೋಡುತ್ತ ನಡೆಯುವುದು ಮಾಲೀಕರ ನಡಿಗೆ. ಬಣಕಲ್‌ನಿಂದ ಕಳಸದವರೆಗೆ ಯಾವ ತೋಟಕ್ಕೆ ಹೋದರೂ ಮಾಲೀಕರು ಯಾರೆಂದು ತಿಳಿಯಲು ಮುಖ ನೋಡಬೇಕಿಲ್ಲ, ಬೆನ್ನು ನೋಡಿದರೆ ಸಾಕು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸುರೇಂದ್ರ ಆ ನಡಿಗೆಯನ್ನು ಸಾಹುಕಾರರಿಗಿಂತ ಚೆನ್ನಾಗಿ ಕಲಿತಿದ್ದ. ಮಂಡಿ ನೋವು ಬಂದ ಮೇಲೆ ಸಾಹುಕಾರ್ ಹರ್ಷವರ್ಧನರ ನಡಿಗೆ ಸ್ವಲ್ಪ ಕೆಟ್ಟಿತ್ತು. ಸುರೇಂದ್ರನದು ಕೆಟ್ಟಿರಲಿಲ್ಲ.

ಬೆಳಗ್ಗೆ ಹಾಜರಿ ಕೂಗುವುದು, ಸಂಜೆ ಹಣ್ಣು ತೂಗಿಸುವುದು ಅವನ ಕೆಲಸ. ತಡವಾಗಿ ಬಂದವರಿಗೆ ಅರ್ಧ ಹಾಜರಿ ಹಾಕುತ್ತಿದ್ದ. "ಇನ್ನರ್ಧ ಹಾಕ್ರಿ ರೈಟ್ರೆ" ಎಂದು ಅವರು ಸಂಜೆ ಬೇಡಿಕೊಂಡರೆ, "ನಾಳೆ ಬೇಗ ಬಾ" ಎನ್ನುತ್ತಿದ್ದ. ಹೀಗೆ ಅವನು ಕಾಫಿ ಹಣ್ಣನ್ನು ತೂಗಿದ್ದ, ಬರೆದಿದ್ದ, ಒಮ್ಮೊಮ್ಮೆ ಬೈದೂ ಇದ್ದ. ಕೊಯ್ದಿರಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ಕಳಸದ ಅಕ್ಕನ ಮಗಳು ಗಗನಾ ಫೋನು ಮಾಡಿದಳು. ಅವಳು ಮೈಸೂರಿನ ಒಂದು ಕಲಾಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು.

"ಮಾಮ, ನಿಮ್ಮ ಎಸ್ಟೇಟಿನ ಹಳೇ ಪಲ್ಪರ್ ಶೆಡ್ಡು ಖಾಲಿ ಇದೆಯಲ್ಲ, ಅದನ್ನ ನನಗೆ ಕೊಡಿಸ್ತೀರಾ?"

ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಹೊಸ ಕಟ್ಟಡಕ್ಕೆ ಹೋದ ಮೇಲೆ ಆ ಶೆಡ್ಡಿನಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಚೌಕಟ್ಟು, ಎತ್ತರದ ಒಂದು ಬಿಳಿ ಗೋಡೆ ಮಾತ್ರ ಉಳಿದಿದ್ದವು. ಗಗನಾಳಿಗೆ ಬೇಕಾಗಿದ್ದದ್ದು ಆ ಗೋಡೆ.

"ಗೋಡೆ ತುಂಬ ಬೆಳಕಿನಲ್ಲಿ ಕಾಫಿ ಗಿಡ ಬರೆದಿರ್ತೀನಿ, ಹಣ್ಣು ತುಂಬಿದ ಗಿಡ. ಬಂದವರು ಅದರ ಮುಂದೆ ನಿಂತು ಹಣ್ಣು ಕೊಯ್ಯೋ ಹಾಗೆ ಕೈ ಆಡಿಸಿದ್ರೆ, ಹಣ್ಣಿದ್ದ ಜಾಗದಲ್ಲಿ ಹೂ ಅರಳುತ್ತೆ."

"ಗೋಡೆ ಮುಟ್ಟಬೇಕಾ?"

"ಮುಟ್ಟೋದು ಬೇಡ ಮಾಮ. ಮೇಲೊಂದು ಕ್ಯಾಮೆರಾ ಇರುತ್ತೆ. ಅದು ಕೈ ನೋಡುತ್ತೆ. ಗಂಟು ಗಂಟಿಗೆ ಒಂದೊಂದು ಚುಕ್ಕಿ ಇಟ್ಟು, ಒಟ್ಟು ಇಪ್ಪತ್ತೊಂದು ಚುಕ್ಕಿ, ಅವು ಹೇಗೆ ಆಡ್ತವೆ ಅಂತ ಕಂಪ್ಯೂಟರ್ ನೋಡಿ, ಇದು ಕೊಯ್ಯೋ ಕೈ ಹೌದೋ ಅಲ್ಲವೋ ಅಂತ ಗುರುತು ಹಿಡಿಯುತ್ತೆ. ಮೊದಲು ಅದಕ್ಕೆ ಕಲಿಸಬೇಕು. ನಲವತ್ತು ಜನ ಕೊಯ್ಯೋ ವಿಡಿಯೋ ಬೇಕು. ಒಬ್ಬೊಬ್ಬರು ಒಂದೊಂದು ಥರ ಕೊಯ್ತಾರಲ್ಲ. ಮುಖ ಬೇಡ, ಹೆಸರು ಬೇಡ, ಕೈ ಸಾಕು. ನೀವು ಫೋನಲ್ಲಿ ತೆಗೆದು ಕಳಿಸ್ತೀರಾ?"

ಸುರೇಂದ್ರನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ ಎಲ್ಲ ವಿಷಯಕ್ಕೂ ಅವನ ಬಳಿ ಒಂದು ಉತ್ತರವಿತ್ತು. "ಅದೆಲ್ಲ ನನಗೆ ಬಿಡು" ಎಂದ.

ಸಾಹುಕಾರರು ಆ ಶೆಡ್ಡನ್ನು ಹೋಂಸ್ಟೇ ಅತಿಥಿಗಳ ಊಟದ ಹಾಲ್ ಮಾಡಬೇಕೆಂದಿದ್ದರು. ಸುರೇಂದ್ರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ವಿಷಯ ಹೇಳಿದ. ಅವರು ಪೂರ್ತಿ ಕೇಳಿದರು. ಕೇಳಿ, "ನೀವು ನೋಡಿದೀರಾ ರೈಟ್ರೆ ಇಂಥದ್ದನ್ನ?" ಎಂದರು.

"ತುಂಬ ಸರ್," ಎಂದ ಸುರೇಂದ್ರ.

"ಹಾಗಾದ್ರೆ ಮಾಡ್ಲಿ. ಮಾರ್ಚ್ ಮೊದಲ ಭಾನುವಾರ ನಾನು ಬಂದು ನೋಡ್ತೀನಿ. ನಾಲ್ಕು ಜನ ನಿಂತು ನೋಡೋ ಹಂಗಿದ್ರೆ ಅದು ಅಲ್ಲೇ ಇರಲಿ. ಇಲ್ಲಾಂದ್ರೆ ಸೋಮವಾರ ಕಿತ್ತು ಟೇಬಲ್ ಹಾಕಿಸ್ತೀನಿ."

ಮಾತು ಇಷ್ಟೇ. ಹೂ ಅರಳಿದರೆ ಗೋಡೆ ಗಗನಾಳದು, ಅರಳದಿದ್ದರೆ ಊಟದ ಟೇಬಲ್ಲಿನದು.

ಇಲ್ಲಿಯವರೆಗೆ ಸುರೇಂದ್ರ ತಪ್ಪೇನೂ ಮಾಡಿರಲಿಲ್ಲ. ತಪ್ಪು ಮಾಡಲು ಅವನು ಬಣಕಲ್‌ಗೆ ಹೋಗಬೇಕಾಯಿತು.

ಬಣಕಲ್ ಪೇಟೆಯಲ್ಲಿ ಉಮರ್ ಫಾರೂಕರ ಪಂಪ್‌ಸೆಟ್ ರಿಪೇರಿ ಅಂಗಡಿ. ಎಸ್ಟೇಟಿನ ಯಂತ್ರಗಳೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಪ್ರೊಜೆಕ್ಟರ್ ಮತ್ತು ಕ್ಯಾಮೆರಾ ಕೂರಿಸಲು ಆ ಹಳೇ ಚೌಕಟ್ಟಿಗೆ ಒಂದು ಸ್ಟ್ಯಾಂಡು ಬೆಸೆಯಬೇಕೆಂದು ಹೇಳಲು ಸುರೇಂದ್ರ ಒಂದು ಸಂಜೆ ಅಲ್ಲಿಗೆ ಹೋದ. ಅಂಗಡಿ ಮುಂದೆ ಐದಾರು ಜನ ಕೂತಿದ್ದರು.

"ಎಂತಕ್ಕೆ ರೈಟ್ರೆ ಕ್ಯಾಮೆರಾ? ಆನೆಗಾ?" ಎಂದು ಫಾರೂಕ್ ಕೇಳಿದರು. ಆ ಸೀಮೆಯಲ್ಲಿ ಕ್ಯಾಮೆರಾ ಕಟ್ಟುವುದು ಆನೆಗೆ, ಇಲ್ಲವೆ ಮೆಣಸು ಕದಿಯುವವರಿಗೆ.

'ಹೂ ಬಿಡಿಸಲು' ಎಂದು ಹೇಳಬೇಕಿತ್ತು. ಆದರೆ ಐದಾರು ಗಂಡಸರು ತನ್ನ ಮುಖ ನೋಡುತ್ತಿರುವಾಗ ಹೂವಿನ ವಿಷಯ ಹೇಳಲು ಸುರೇಂದ್ರನಿಗೆ ಮನಸ್ಸಾಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅದು ಕೈ ನೋಡುವ ಕ್ಯಾಮೆರಾ," ಎಂದ. "ಕೈಯಲ್ಲಿ ಇಪ್ಪತ್ತೊಂದು ಚುಕ್ಕಿ ಇಡುತ್ತೆ. ಯಾರು ಕೆಲಸ ಮಾಡೋರು, ಯಾರು ಸುಮ್ಮನೆ ಗಿಡ ಮುಟ್ಟಿ ಮುಟ್ಟಿ ಬರೋರು, ಎಲ್ಲ ಒಂದೇ ನೋಟಕ್ಕೆ ತಿಳ್ಕೊಳ್ಳುತ್ತೆ. ನಾನೇ ನಿಂತು ಡಿಸೈನ್ ಮಾಡಿಸ್ತಾ ಇದ್ದೀನಿ."

"ಹೌದಾ ಮಾರಾಯ್ರೆ," ಎಂದರು ಫಾರೂಕ್. ವೆಲ್ಡಿಂಗ್ ಕನ್ನಡಕ ಮೇಲೆತ್ತಿ ಅವನನ್ನು ನೋಡಿದರು. "ಮತ್ತೆ ನಿಮ್ಮ ಕೈ ಹಿಂದಿದ್ರೆ ಅದಕ್ಕೆ ಹೆಂಗೆ ಕಾಣ್ತದೆ?"

ಎಲ್ಲರೂ ನಕ್ಕರು. ಆದರೆ ನಗು ನಿಂತ ಮೇಲೆ ಅವರ ಕಿವಿಯಲ್ಲಿ ಉಳಿದದ್ದು ಸುರೇಂದ್ರನ ಮಾತು.

ಬಣಕಲ್ ಪೇಟೆಯಲ್ಲಿ ಸಂಜೆ ಆಡಿದ ಮಾತು ಮೂರುಕಲ್ಲಿನ ಕೂಲಿಯವರ ಲೈನ್ ಮನೆಗಳಿಗೆ ಬರಲು ಬಸ್ಸು ಬೇಕಿಲ್ಲ. ಮರುದಿನ ಬೆಳಗ್ಗೆ ಸುರೇಂದ್ರ ಹಾಜರಿ ಪುಸ್ತಕ ಹಿಡಿದು ನಿಂತಾಗ ಎದುರಿನ ಸಾಲು ಏಕೋ ಮೊಟಕಾದಂತೆ ಕಂಡಿತು. ಮತ್ತೊಮ್ಮೆ ನೋಡಿದ. ಯಾರಿಗೂ ಕೈ ಇರಲಿಲ್ಲ. ಹೆಂಗಸರು ಸೆರಗಿನೊಳಗೆ, ಗಂಡಸರು ಸ್ವೆಟರಿನೊಳಗೆ ಕೈ ಅಡಗಿಸಿ ನಿಂತಿದ್ದರು. ಹೆಸರು ಕೂಗಿದಾಗ ಕೈ ಎತ್ತುವುದು ವಾಡಿಕೆ. ಅಂದು ಎಲ್ಲರೂ ಗಲ್ಲ ಎತ್ತಿದರು.

ಮೇಸ್ತ್ರಿ ಭೂತಯ್ಯ ಎರಡು ಕೈಗಳನ್ನೂ ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು ಬಂದ. ತನ್ನ ಕೆಳಗಿನ ನಲವತ್ತು ಜನರನ್ನು ಬೆರಳಿನಲ್ಲಿ ಆಡಿಸುತ್ತಿದ್ದ ಮನುಷ್ಯ.

"ಅಲ್ಲ ರೈಟ್ರೆ, ಎಲೆ ಅಡಿಕೆ ಹಾಕ್ಕೊಳ್ಳೋಕೆ ಕೈ ನಿಲ್ಸಿದ್ರೂ ಅದು ಬರ್ಕೊಳ್ತದಂತೆ ಹೌದಾ?"

"ಹಂಗೇನಿಲ್ಲ ಭೂತಯ್ಯ. ವಿಡಿಯೋ ಅಷ್ಟೆ. ಒಂದೆರಡು ನಿಮಿಷ."

"ಒಂದೆರಡು ನಿಮಿಷ ಸಾಕಲ್ಲ ಅದಕ್ಕೆ," ಎಂದ ಭೂತಯ್ಯ. "ನಾವು ಹಣ್ಣು ಬೇಕಾದ್ರೆ ಕುಯ್ತೀವಿ. ಕೈ ತೋರ್ಸಲ್ಲ."

ಸುರೇಂದ್ರ ಫೋನು ಹಿಡಿದು ಯಾವ ಸಾಲಿಗೆ ಹೋದರೂ ಆ ಸಾಲಿನವರೆಲ್ಲ ಗಿಡದ ಆಚೆ ಬದಿಗೆ ಹೋಗುತ್ತಿದ್ದರು. ಅವನೂ ಆಚೆ ಬದಿಗೆ ಹೋದರೆ ಅವರು ಈಚೆ ಬರುತ್ತಿದ್ದರು. ಒಂದು ವಾರ ಇಡೀ ತೋಟ ಹೀಗೆ ಸುತ್ತಿತು.

ಅಷ್ಟರಲ್ಲಿ ಪಂಚಾಯ್ತಿಯ ಪಿಡಿಒ ಪ್ರೇಮಕುಮಾರಿ ಮೇಡಂ ಸ್ಕೂಟರಿನಲ್ಲಿ ಬಂದಿಳಿದರು.

"ಕೆಲಸದವರ ಕೈ ಗುರುತು ತಗೊಳ್ತಿದೀರಂತೆ. ಪರ್ಮಿಷನ್ ಇದೆಯಾ?" ಎಂದು ಗಟ್ಟಿಯಾಗಿ ಕೇಳಿದರು. ಸುರೇಂದ್ರನ ಕೈ ಹೊಟ್ಟೆಯ ಮೇಲೆ ಬಂತು. ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. "ಅದು ನಿಜವಾಗ್ಲೂ ಕೆಲಸ ಮಾಡದ ಕೈ ಹಿಡಿದುಬಿಡುತ್ತಾ? ಅಲ್ಲ, ನಮ್ಮ ಆಫೀಸಲ್ಲಿ ಇಬ್ಬರಿದ್ದಾರೆ."

ಆಗಲಾದರೂ 'ಇಲ್ಲ ಮೇಡಂ, ಅದು ಹೂ ಬಿಡುವ ಗೋಡೆ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸರ್ಕಾರಿ ಅಧಿಕಾರಿಯೊಬ್ಬರು ತನ್ನ ಹತ್ತಿರ ಗುಟ್ಟು ಮಾತಾಡಿದ್ದು ಸುರೇಂದ್ರನ ಜೀವನದಲ್ಲಿ ಅದೇ ಮೊದಲು.

"ಮಾರ್ಚ್ ಮೊದಲ ಭಾನುವಾರ ಬನ್ನಿ ಮೇಡಂ," ಎಂದ. "ಕಣ್ಣಾರೆ ನೋಡೋರಂತೆ."

ಜನವರಿ ಮುಗಿಯುತ್ತ ಬಂತು. ಗಗನಾ ದಿನಾ ಕೇಳುತ್ತಿದ್ದಳು, "ಎಷ್ಟಾಯ್ತು ಮಾಮ?" ಇವನು "ಆಗ್ತಾ ಇದೆ" ಎನ್ನುತ್ತಿದ್ದ. ಕೊಯ್ಲು ಮುಗಿದರೆ ಕೊಯ್ಯುವ ಕೈ ಮತ್ತೆ ಸಿಗುವುದು ಮುಂದಿನ ವರ್ಷ. ಅವನ ಫೋನಿನಲ್ಲಿದ್ದದ್ದು ನಲವತ್ತು ಬೆನ್ನುಗಳ ವಿಡಿಯೋ.

ಹೀಗಿರುವಾಗ ಕೆಳಗಿನ ಬ್ಲಾಕಿನಲ್ಲಿ ಒಬ್ಬಳೇ ಕೊಯ್ಯುತ್ತಿದ್ದ ಮುತ್ತಮ್ಮ ತಾನಾಗಿಯೇ ಕರೆದಳು. ಸುರೇಂದ್ರ ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲಿಂದ ಅಲ್ಲಿದ್ದವಳು.

"ರೈಟ್ರೆ, ಎಂತ ಅದು, ಕೈ ನೋಡ್ತದಂತಲ್ಲ. ನಂದು ತಗೊಳ್ಳಿ."

"ನಿನಗೆ ಹೆದರಿಕೆ ಇಲ್ವ?"

"ಎಂತಕ್ಕೆ ಹೆದರಿಕೆ? ಇಷ್ಟು ವರ್ಷ ಎಲ್ಲ ತೂಕ ನೋಡಿದ್ರಿ. ಕೈ ನೋಡ್ತೀನಿ ಅಂದೋರು ಇದೇ ಮೊದಲು."

ಸುರೇಂದ್ರ ಫೋನು ಹಿಡಿದ. ಆ ಪುಟ್ಟ ಚೌಕದೊಳಗೆ ಎರಡು ಕೈಗಳಷ್ಟೇ ಕಾಣುತ್ತಿದ್ದುದರಿಂದಲೋ ಏನೋ, ಇಪ್ಪತ್ತೆರಡು ವರ್ಷ ಕಾಣದ್ದು ಆಗ ಕಂಡಿತು. ಉಳಿದವರು ರೆಂಬೆಯನ್ನು ಬಗ್ಗಿಸಿ, ಬುಡದಿಂದ ತುದಿಗೆ ಒಮ್ಮೆ ಎಳೆದುಬಿಟ್ಟರೆ ಹಣ್ಣು, ಕಾಯಿ, ಎಲೆ ಎಲ್ಲ ಚೀಲಕ್ಕೆ. ಮುತ್ತಮ್ಮ ಎಡಗೈಯನ್ನು ರೆಂಬೆಯ ಅಡಿಗೆ ತಂದು, ಮಗುವಿನ ಗಲ್ಲ ಎತ್ತುವ ಹಾಗೆ ಎತ್ತುತ್ತಿದ್ದಳು. ಬಲಗೈಯ ಹೆಬ್ಬೆರಳು ಗೊಂಚಲಿನ ಮೇಲೆ ಒಂದು ಸುತ್ತು ಹಾಕಿ ಬರುತ್ತಿತ್ತು. ಕೆಂಪಾದವು ಅಂಗೈಗೆ ಬೀಳುತ್ತಿದ್ದವು, ಹಸಿರಾದವು ಅಲ್ಲೇ ಇರುತ್ತಿದ್ದವು. ರೆಂಬೆಯನ್ನು ಬಿಡುವಾಗಲೂ ಹಾಗೇ ಬಿಡುತ್ತಿರಲಿಲ್ಲ, ಇದ್ದ ಜಾಗದವರೆಗೆ ಕೈಯಲ್ಲೇ ಕೊಂಡೊಯ್ದು ಇಡುತ್ತಿದ್ದಳು. ಮಣಿಕಟ್ಟಿನ ಮೇಲೆ ಹಳೆಯ ಹಚ್ಚೆ, ಒಂದು ಸಾಲು ಹಸಿರು ಚುಕ್ಕಿ.

ಒಂದು ವಿಡಿಯೋ ಆಯಿತು. ಬೇಕಾದದ್ದು ನಲವತ್ತು. ಸುರೇಂದ್ರ ಯೋಚಿಸಿದ. ಮುಖ ಬೇಡ, ಹೆಸರು ಬೇಡ, ಕೈ ಸಾಕು ಎಂದು ಗಗನಾಳೇ ಹೇಳಿದ್ದಾಳೆ. ಅವನು ಮನೆಗೆ ಹೋಗಿ ಒಂದು ಚೀಲ ತಂದ.

ಮುಂದಿನ ಹತ್ತು ದಿನ ಮುತ್ತಮ್ಮ ಏನೇನನ್ನು ತೊಟ್ಟು ಕಾಫಿ ಕೊಯ್ದಳೆಂದು ಹೇಳಿದರೆ ನಂಬುವುದು ಕಷ್ಟ. ಸುರೇಂದ್ರನ ಮಳೆಗಾಲದ ಕೋಟು. ಅವನ ಹೆಂಡತಿ ರೇವತಿಯ ಹೂವಿನ ನೈಟಿ. ಫುಲ್ ತೋಳಿನ ಶರ್ಟು, ಅದರ ಮೇಲೆ ಗಡಿಯಾರ. ಇಪ್ಪತ್ತೆಂಟನೆಯ ವಿಡಿಯೋದಲ್ಲಿ ಕೊಯ್ಯುತ್ತಿದ್ದವನು ಸುರೇಂದ್ರನ ಮದುವೆಯ ಸೂಟು ಹಾಕಿಕೊಂಡಿದ್ದ. ಮೂವತ್ತಮೂರನೆಯವಳು ರೇವತಿಯ ಡಜನ್ ಕೆಂಪು ಗಾಜಿನ ಬಳೆ ತೊಟ್ಟಿದ್ದಳು. ಅವು ಮುತ್ತಮ್ಮನ ಕೈಗೆ ಹೇಗೋ ಏರಿದವು, ಇಳಿಯಲಿಲ್ಲ. ಒಡೆಯಲು ಅವಳು ಒಪ್ಪಲಿಲ್ಲ. ಮಿಕ್ಕ ಏಳು ವಿಡಿಯೋಗಳಲ್ಲಿ ಬಳೆಗಳ ಮೇಲೆ ಉದ್ದ ತೋಳು ಎಳೆಯಬೇಕಾಯಿತು.

"ಈಗ ನಾನು ಯಾರು ರೈಟ್ರೆ?"

"ಈಗ ನೀನು ತಿಮ್ಮಮ್ಮ. ಅವಳ ಹಾಗೆ ಕೊಯ್ಯಿ."

"ತಿಮ್ಮಮ್ಮ ಕಾಯಿ ಹಣ್ಣು ಸೇರ್ಸಿ ಉದುರಿಸ್ತಾಳೆ. ನಾನು ಹಂಗೆ ಕುಯ್ಯಲ್ಲ."

"ಕಂಪ್ಯೂಟರಿಗೆ ಗೊತ್ತಾಗಲ್ಲ ಮುತ್ತಮ್ಮ."

"ಗಿಡಕ್ಕೆ ಗೊತ್ತಾಗ್ತದಲ್ಲ. ಹೆಸರು ಯಾರದ್ದಾದ್ರೂ ಹಾಕ್ಕೊಳ್ಳಿ. ಕುಯ್ಯೋದು ನನ್ನ ಹಂಗೇ."

ಫೆಬ್ರವರಿ ಕೊನೆಯಲ್ಲಿ ಗಗನಾ ಲ್ಯಾಪ್‌ಟಾಪು, ಪ್ರೊಜೆಕ್ಟರು, ಎರಡು ಪೆಟ್ಟಿಗೆ ವಯರಿನೊಂದಿಗೆ ಬಂದು ಮಾಮನ ಮನೆಯಲ್ಲೇ ಉಳಿದಳು. ಫಾರೂಕ್ ಚೌಕಟ್ಟಿನ ಮೇಲೆ ಸ್ಟ್ಯಾಂಡು ಬೆಸೆದು ಕ್ಯಾಮೆರಾ ಕೂರಿಸಿದರು. ಮೊದಲ ಸಲ ಗೋಡೆಯ ಮೇಲೆ ತೋಟ ಮೂಡಿದಾಗ ಅವರು ಸ್ಪ್ಯಾನರ್ ಕೆಳಗಿಟ್ಟು ಗೋಡೆಯ ಹತ್ತಿರ ಹೋದರು. ಬರೆದದ್ದೆಂದು ಗೊತ್ತಿದ್ದರೂ ಎಲೆ ಅಲುಗುತ್ತಿತ್ತು, ನೆರಳಿಗೆ ಬೆಳೆಸಿದ ಸಿಲ್ವರ್ ಮರದ ಸಂದಿಯಿಂದ ಬೆಳಕು ಬೀಳುತ್ತಿತ್ತು. ಹಣ್ಣು ಒಂದೊಂದೂ ಒಂದೊಂದು ಕೆಂಪು.

"ಏನ್ ಹುಡುಗಿ ನೀನು," ಎಂದಷ್ಟೇ ಹೇಳಿ ಅವರು ಮತ್ತೆ ಬೋಲ್ಟು ಬಿಗಿದರು.

ಗಗನಾ ಗೋಡೆಯ ಮುಂದೆ ನಿಂತು ಕೈ ಚಾಚಿದಳು. ರೆಂಬೆಯ ತುದಿಯಲ್ಲಿ ಒಂದು ಬಿಳಿ ಹೂ ಅರಳಿತು. ಮೂರು ವಾರ ಆ ವಿಡಿಯೋಗಳನ್ನೇ ನೋಡಿ ನೋಡಿ ಅವಳ ಕೈಗೂ ಆ ವರಸೆ ಬಂದುಬಿಟ್ಟಿತ್ತು. ಇದು ಅವಳಿಗೂ ಗೊತ್ತಿರಲಿಲ್ಲ.

"ಮಾಮ, ಆಶ್ಚರ್ಯ ಗೊತ್ತಾ? ನೂರಕ್ಕೆ ತೊಂಬತ್ತೊಂಬತ್ತು ಸರಿ ಗುರುತಿಸ್ತಿದೆ. ನಲವತ್ತು ಜನ ಇಷ್ಟು ಒಂದೇ ಥರ ಕೊಯ್ಯೋದು ಹೇಗೆ ಸಾಧ್ಯ?"

"ನಮ್ಮ ಎಸ್ಟೇಟಿನ ಶಿಸ್ತು ಹಂಗೆ," ಎಂದ ಸುರೇಂದ್ರ. ಕೈ ಬೆನ್ನ ಹಿಂದೆ ಹೋಯಿತು.

ಫಾರೂಕ್ ಬಂದು ಕೈ ಆಡಿಸಿದರು. ಏನೂ ಆಗಲಿಲ್ಲ. "ಗ್ರೀಸ್ ಮೆತ್ಕೊಂಡಿದೆ ಅಂಕಲ್, ಅದಕ್ಕೇ ಕ್ಯಾಮೆರಾಕ್ಕೆ ಕೈ ಸರಿಯಾಗಿ ಕಾಣ್ತಿಲ್ಲ," ಎಂದಳು ಗಗನಾ. ಫಾರೂಕ್ ಕೈಯನ್ನು ನೋಡಿಕೊಂಡರು, ಸುರೇಂದ್ರನನ್ನು ನೋಡಿದರು, ಸ್ಪ್ಯಾನರ್ ಎತ್ತಿಕೊಂಡರು.

ಮೂರು ದಿನ ಉಳಿದಿದೆ ಎನ್ನುವಾಗ ರೇವತಿ ಊಟದ ಕ್ಯಾರಿಯರ್ ತಂದಳು. ಗಗನಾ ಖುಷಿಯಿಂದ ಅತ್ತೆಗೆ ಲ್ಯಾಪ್‌ಟಾಪಿನಲ್ಲಿ ವಿಡಿಯೋ ತೋರಿಸಿದಳು. ಮೂವತ್ತಮೂರನೆಯದು ಬಂತು. ರೇವತಿ ಬಗ್ಗಿ ನೋಡಿದಳು.

"ರೀ, ಇದು ಯಾರ ಕೈ?"

"ನಲವತ್ತು ಜನರಲ್ಲಿ ಒಬ್ಬರದ್ದು," ಎಂದ ಸುರೇಂದ್ರ.

"ನನ್ನ ಬಳೆ ಯಾಕೆ ಹಾಕ್ಕೊಂಡಿದೆ?"

ಗಗನಾಳ ಎದುರು ನಿಜ ಹೇಳುವ ಹಾಗಿರಲಿಲ್ಲ. "ಸುಮ್ಮನೆ, ಚಂದ ಕಾಣ್ಲಿ ಅಂತ."

"ನನ್ನ ಕೈ ಚಂದ ಕಾಣ್ಲಿ ಅಂತ ಒಂದು ದಿನ ಅನ್ನಿಸ್ಲಿಲ್ಲ ನಿಮಗೆ," ಎಂದಳು ರೇವತಿ. ಕೂಗಲಿಲ್ಲ. ಕ್ಯಾರಿಯರ್ ಎತ್ತಿಕೊಂಡು, ಗಗನಾಳ ಪಾಲಿನ ಬುತ್ತಿ ಮಾತ್ರ ತೆಗೆದಿಟ್ಟು ಹೊರಟುಹೋದಳು. ಮೂರು ದಿನ ಮೂರುಕಲ್ಲಿನ ರೈಟರು ಬಣಕಲ್‌ನಲ್ಲಿ, ಫಾರೂಕರ ಅಂಗಡಿಯ ಬೆಂಚಿನ ಮೇಲೆ ಬನ್ನು ತಿಂದ. ರೈಟರು ಯಾರಿಗೋ ಬಳೆ ತೊಡಿಸಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಿ ಅವನಿಗಿಂತ ಮುಂಚೆ ಅಲ್ಲಿಗೆ ಬಂದು ಚಹಾ ಕುಡಿದು ಹೋಗಿತ್ತು.

ಎರಡನೇ ದಿನ ಅವನು ಫಾರೂಕರಿಗೆ ಎಲ್ಲ ಹೇಳಿದ.

"ಒಂದೇ ಕೈ ನಲವತ್ತು ಸಲವಾ?" ಎಂದರು ಫಾರೂಕ್. "ಚುಕ್ಕಿ ನೋಡೋ ಕ್ಯಾಮೆರಾಕ್ಕೆ ಸೂಟು ಕಾಣ್ತದಾ ಮಾರಾಯ್ರೆ? ಹೋಗಿ ಆ ಹುಡುಗಿಗೆ ಹೇಳಿ."

"ಹೇಳ್ತೀನಿ," ಎಂದ ಸುರೇಂದ್ರ. ಹೇಳಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಶೆಡ್ಡು ತುಂಬಿತು. ಕಳಸದಿಂದ ಸುರೇಂದ್ರನ ಅಕ್ಕ ಬಂದಿದ್ದಳು. ಪ್ರೇಮಕುಮಾರಿ ಮೇಡಂ ತಮ್ಮ ಆಫೀಸಿನ ಆ ಇಬ್ಬರನ್ನೂ ಕರೆತಂದಿದ್ದರು. ಅವರಿಗೆ ಕಾರಣ ತಿಳಿಸಿರಲಿಲ್ಲ. ತೋಟದವರೆಲ್ಲ ಕುತೂಹಲ ತಡೆಯಲಾರದೆ ಬಂದು, ಹೆದರಿಕೆ ಬಿಡಲಾರದೆ ಕೈ ಅಡಗಿಸಿಕೊಂಡು ನಿಂತಿದ್ದರು. ರೇವತಿ ಬಾಗಿಲಲ್ಲಿ ನಿಂತು ಒಳಗೆ ಬರುವ ಪ್ರತಿ ಹೆಂಗಸಿನ ಮಣಿಕಟ್ಟನ್ನು ನೋಡುತ್ತಿದ್ದಳು. ಮಣಿಕಟ್ಟುಗಳೆಲ್ಲ ಸೆರಗಿನೊಳಗಿದ್ದುದರಿಂದ ಅವಳ ಅನುಮಾನ ಒಬ್ಬಳ ಮೇಲಿದ್ದದ್ದು ಇಪ್ಪತ್ತು ಜನರ ಮೇಲೆ ಹರಡಿತು.

ಸಾಹುಕಾರರು ಬಂದರು. ಕೈ ಬೆನ್ನ ಹಿಂದೆ. ಗೋಡೆಯ ಮುಂದೆ ನಿಂತು ತೋಟವನ್ನು ನೋಡಿದರು, ಮರದ ತುದಿಯನ್ನೂ ನೋಡಿದರು. ಒಂದು ನಿಮಿಷವಾಯಿತು. ಕ್ಯಾಮೆರಾ ಅಷ್ಟು ಜನರನ್ನು ನೋಡುತ್ತಿತ್ತು, ಅದಕ್ಕೆ ಒಂದು ಕೈಯೂ ಕಾಣುತ್ತಿರಲಿಲ್ಲ.

"ಚೆನ್ನಾಗಿದೆ. ಈಗ ಏನಾಗಬೇಕು?"

"ಸರ್, ನೀವು ಕೈ ಮುಂದೆ ತರಬೇಕು," ಎಂದಳು ಗಗನಾ.

ಸಾಹುಕಾರರಿಗೆ ಕೈ ಮುಂದೆ ತನ್ನಿ ಎಂದು ಆ ತೋಟದಲ್ಲಿ ಇದುವರೆಗೆ ಯಾರೂ ಹೇಳಿರಲಿಲ್ಲ. ಅವರು ಕೈ ತಂದರು. ಎಲ್ಲಿಗೆ ಕೊಂಡೊಯ್ಯಬೇಕೆಂದು ತಿಳಿಯದೆ ಊಟದೆಲೆಯ ಮೇಲಿನ ನೊಣ ಓಡಿಸುವಂತೆ ಆಡಿಸಿದರು. ಗೋಡೆ ಸುಮ್ಮನಿತ್ತು. ಪ್ರೇಮಕುಮಾರಿ ಮೇಡಂ ಬಂದು, ಗಾಳಿಯಲ್ಲಿ ಸಹಿ ಹಾಕುವಂತೆ ಬೆರಳು ಆಡಿಸಿದರು. ಇಲ್ಲ. ಆ ಇಬ್ಬರು ಬಂದರು. ಇಲ್ಲ. ಮೇಡಂ ಅವರಿಬ್ಬರನ್ನು ನೋಡಿ ಗೆದ್ದವರಂತೆ ತಲೆ ಆಡಿಸಿದರು. ತಮಗೂ ಅರಳಿರಲಿಲ್ಲ ಎಂಬುದು ನೆನಪಾಗಿ ನಿಲ್ಲಿಸಿದರು.

"ಭೂತಯ್ಯ, ಬಾ ಇಲ್ಲಿ. ಕುಯ್ದು ತೋರ್ಸು."

ಭೂತಯ್ಯ ಜೇಬಿನಿಂದ ಕೈಗಳನ್ನು ಕಷ್ಟಪಟ್ಟು ತೆಗೆದ. ಗಾಳಿಯಲ್ಲಿ ರೆಂಬೆ ಹಿಡಿದು ಬುಡದಿಂದ ತುದಿಗೆ ಒಂದು ಎಳೆತ ಎಳೆದ, ನಿಜವಾದ ಗಿಡವಾಗಿದ್ದರೆ ಎಲೆಯೂ ಉಳಿಯುತ್ತಿರಲಿಲ್ಲ. ಗೋಡೆ ಅಲುಗಲಿಲ್ಲ.

ಗಗನಾ ಲ್ಯಾಪ್‌ಟಾಪಿನ ಮುಂದೆ ಕೂತು ಏನೋ ಒತ್ತಿದಳು, ಮತ್ತೆ ಒತ್ತಿದಳು. ಎದ್ದು ತಾನೇ ಕೈ ಚಾಚಿದಳು. ಅವಸರದ ಕೈಗೆ ಗೋಡೆ ಒಂದು ಹೂವನ್ನೂ ಕೊಡಲಿಲ್ಲ.

"ಇರಲಿ ಬಿಡಮ್ಮ," ಎಂದರು ಸಾಹುಕಾರರು. ಅವರ ದನಿಯಲ್ಲಿ ಬೇಸರವಿತ್ತು, ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟದ್ದು. "ಚಿತ್ರ ಚಂದ ಬರೆದಿದ್ದೀಯ. ನಮ್ಮ ಮೇಸ್ತ್ರಿ ಕುಯ್ದ್ರೂ ತಿಳಿಯಲ್ಲ ಅಂದ್ರೆ ಏನು ಮಾಡೋದು? ರೈಟ್ರೆ, ನಾಳೆ ಟೇಬಲ್ಲಿಗೆ ಹೇಳಿ."

ಎಂದಿನಂತೆ "ಆಯ್ತು ಸರ್" ಎನ್ನಲು ಸುರೇಂದ್ರ ಬಾಯಿ ತೆರೆದ. ಗಗನಾ ವಯರು ಸುತ್ತತೊಡಗಿದ್ದಳು, ಒಂದೊಂದೇ ಸುತ್ತು, ತಲೆ ಬಗ್ಗಿಸಿ.

"ಸರ್, ಮೆಷಿನ್ನಿನದು ತಪ್ಪಿಲ್ಲ," ಎಂದಿತು ಅವನ ಬಾಯಿ. "ಹುಡುಗಿದೂ ಇಲ್ಲ. ನಲವತ್ತು ಜನರ ಕೈ ತೋರ್ಸಿ ಅಂದಿದ್ಲು. ನಾನು ಒಬ್ಬರದ್ದೇ ತೋರ್ಸಿದೆ. ಕೆಲಸದವರ ಮೇಲೆ ಕಣ್ಣಿಡೋ ಮೆಷಿನ್ನು ಅಂತ ಬಣಕಲ್‌ನಲ್ಲಿ ಕೊಚ್ಕೊಂಡೋನೂ ನಾನೇ. ಅದು ಹೂ ಬಿಡೋ ಗೋಡೆ, ಅಷ್ಟೆ. ಅದಕ್ಕೆ ಗೊತ್ತಿರೋದು ಒಂದೇ ಒಂದು ಹೆಂಗಸಿನ ಕೈ."

ತೋಟದವರು ಒಬ್ಬರನ್ನೊಬ್ಬರು ನೋಡಿದರು. ಸಾಹುಕಾರರು ಕೇಳುವ ಮೊದಲೇ ಬಾಗಿಲಿನಿಂದ ಪ್ರಶ್ನೆ ಬಂತು.

"ಯಾರು ಆ ಹೆಂಗಸು?" ರೇವತಿಯ ದನಿ.

"ನಾನೇ ಅಮ್ಮ," ಎಂದಿತು ಅವಳ ಹಿಂದೆ ನಿಂತಿದ್ದ ಇನ್ನೊಂದು ದನಿ. ಮುತ್ತಮ್ಮ ಆಗಷ್ಟೇ ಬಂದಿದ್ದಳು. ಒಂದು ಕೈಯಲ್ಲಿ ಬಟ್ಟೆ ಸೋಪು, ಇನ್ನೊಂದರ ಮಣಿಕಟ್ಟಿನಲ್ಲಿ ಡಜನ್ ಕೆಂಪು ಬಳೆ. "ಮೂರು ವಾರದಿಂದ ಸೋಪು ಹಚ್ತಿದೀನಿ, ಬರ್ತಿಲ್ಲ. ಒಡೆಯೋಕೆ ಮನಸಿಲ್ಲ, ನಿಮ್ಮದಲ್ವಾ. ನೀವೇ ನಿಧಾನಕ್ಕೆ ಎಳ್ಕೊಳ್ಳಿ."

ರೇವತಿ ಅವಳ ಮುಖ ನೋಡಿದಳು, ಕೈ ನೋಡಿದಳು, ಗಂಡನನ್ನು ನೋಡಿದಳು. ಮೂರು ದಿನದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮುತ್ತಮ್ಮ ಬಳೆ ಕೊಡಲು ಕೈ ಚಾಚಿದವಳು ಹಾಗೇ ನಿಂತಳು. ಅವಳ ಕಣ್ಣು ಗೋಡೆಯ ಮೇಲಿತ್ತು.

"ಇಷ್ಟು ಹಣ್ಣು ಬಿಟ್ಟಿದೀರಲ್ಲ," ಎಂದಳು. "ನಾಳೆಗೆ ಉದುರಿ ಹೋಗ್ತವೆ." ಸೋಪನ್ನು ಸೊಂಟಕ್ಕೆ ಸಿಕ್ಕಿಸಿ, ಸಾಹುಕಾರರನ್ನು "ಚೂರು ಆಚೆ" ಎಂದು ಸರಿಸಿ, ಎಡಗೈಯನ್ನು ರೆಂಬೆಯ ಅಡಿಗೆ ತಂದಳು. ಹೆಬ್ಬೆರಳು ಒಂದು ಸುತ್ತು ಹಾಕಿತು.

ಹೂ ಅರಳಿತು.

ಒಂದಲ್ಲ, ಗೊಂಚಲು. ಅವಳ ಕೈ ಮುಂದಿನ ಗಂಟಿಗೆ ಹೋಯಿತು, ಅಲ್ಲಿಯೂ ಅರಳಿತು. ಅವಳು ನಿಲ್ಲಲಿಲ್ಲ. ಸಾಲು ಹಿಡಿದು ಕೊಯ್ಯುವುದು ಅವಳ ಅಭ್ಯಾಸ. ಎಡದಿಂದ ಬಲಕ್ಕೆ ನಡೆಯುತ್ತ ಹೋದಳು, ಅವಳು ದಾಟಿದ ಗಿಡವೆಲ್ಲ ಬೆಳ್ಳಗಾಗುತ್ತ ಬಂತು, ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದ ಎಂಟನೇ ದಿನ ತೋಟ ಬೆಳ್ಳಗಾಗುವ ಹಾಗೆ. ಬಳೆಗಳ ಸದ್ದು ಬಿಟ್ಟರೆ ಶೆಡ್ಡಿನಲ್ಲಿ ಬೇರೆ ಸದ್ದಿಲ್ಲ. ಗೋಡೆಯ ತುದಿ ಮುಟ್ಟಿ ಅವಳು ತಿರುಗಿದಾಗ ಒಂದು ಕೆಂಪು ಹಣ್ಣೂ ಉಳಿದಿರಲಿಲ್ಲ. ಅಲ್ಲಲ್ಲಿ ಹಸಿರು ಕಾಯಿಗಳು ಮಾತ್ರ ಇದ್ದವು, ಅವನ್ನು ಅವಳು ಬಿಟ್ಟಿದ್ದಳು. ಹೂವಿನ ವಾಸನೆ ಬಂತೆಂದು ಆಮೇಲೆ ಕೆಲವರು ಹೇಳಿದರು. ಪ್ರೊಜೆಕ್ಟರಿನಿಂದ ವಾಸನೆ ಬರುವುದಿಲ್ಲ ಎಂದು ಫಾರೂಕ್ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ.

ಗಗನಾ ಎದ್ದು ಬಂದು ಮುತ್ತಮ್ಮನ ಕೈ ಹಿಡಿದು, ಬಳೆಗಳನ್ನು ಮೇಲೆ ಸರಿಸಿ ಹಚ್ಚೆ ನೋಡಿದಳು.

"ಸೂಟು ಹಾಕ್ಕೊಂಡಿದ್ದೂ ನೀವೇನಾ?"

"ಅದು ಸೆಕೆ ಮಗಾ," ಎಂದಳು ಮುತ್ತಮ್ಮ.

"ತೊಂಬತ್ತೊಂಬತ್ತು ಬಂತು ಅಂತ ನಾನೂ ಖುಷಿಯಲ್ಲಿ ಕೇಳ್ಲಿಲ್ಲ ಮಾಮ," ಎಂದಳು ಗಗನಾ. ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಸಾಹುಕಾರ್ ಹರ್ಷವರ್ಧನರು ಗೋಡೆಯ ಹತ್ತಿರ ಬಂದರು. "ಇನ್ನೊಂದು ಸಲ ಹಣ್ಣು ಬಿಡಿಸೋಕೆ ಆಗ್ತದಾ?" ಗಗನಾ ಒಂದು ಗುಂಡಿ ಒತ್ತಿದಳು. ತೋಟ ಮತ್ತೆ ಕೆಂಪಾಯಿತು.

"ಹೇಳಿ ಮುತ್ತಮ್ಮ. ಹೆಂಗೆ ಹಿಡೀಬೇಕು?"

"ಅಡಿಯಿಂದ. ಹಂಗಲ್ಲ ಸಾವ್ಕಾರ್ರೆ, ಅದು ಕತ್ತು ಹಿಡಿದ ಹಂಗಾಯ್ತು. ಗಲ್ಲ ಹಿಡೀರಿ. ಹಾಂ. ಈಗ ಹೆಬ್ಬೆರಳು. ಅವಸರ ಬೇಡ, ಗಿಡ ನಿಮ್ಮದೇ."

ಅವರ ತೋಟದ ನಲವತ್ತು ಜನ ಕೆಲಸದವರು ಸಾಹುಕಾರರ ಕೆಲಸವನ್ನು ನಿಂತು ನೋಡಿದರು. ಯಾರೋ ಹಿಂದಿನಿಂದ "ಕೈ ಇನ್ನೂ ಕೆಳಗೆ" ಎಂದರು. ತಿಮ್ಮಮ್ಮ ತಡೆಯಲಾರದೆ ಸೆರಗಿನಿಂದ ಕೈ ತೆಗೆದು ಗಾಳಿಯಲ್ಲಿ ತೋರಿಸಿಕೊಟ್ಟಳು. ಭೂತಯ್ಯ ಜೇಬಿನಿಂದ ಕೈ ತೆಗೆದು ತಿಮ್ಮಮ್ಮನನ್ನು ತಿದ್ದಿದ. ನೋಡ ನೋಡುತ್ತ ಶೆಡ್ಡಿನ ತುಂಬ ಕೈಗಳು ಹೊರಬಂದವು. ಹದಿನೈದು ನಿಮಿಷದ ನಂತರ ಸಾಹುಕಾರರ ಬೆರಳ ತುದಿಯಲ್ಲಿ ಒಂದು ಹೂ ಅರಳಿತು. ಇಡೀ ತೋಟಕ್ಕೆ ಹೂ ಬಿಡಿಸುವ ಮಳೆ ಬಿದ್ದಾಗಲೂ ಅವರ ಮುಖ ಹಾಗೆ ಆದದ್ದನ್ನು ಯಾರೂ ನೋಡಿರಲಿಲ್ಲ.

"ಟೇಬಲ್ಲು ಬಂಗಲೆ ಜಗುಲಿಯಲ್ಲೇ ಇರಲಿ ರೈಟ್ರೆ," ಎಂದರು, ಗೋಡೆಯಿಂದ ಕಣ್ಣು ತೆಗೆಯದೆ. "ಗೋಡೆ ಈ ಹುಡುಗಿಗೆ."

ಉಳಿದ ಮೂವತ್ತೊಂಬತ್ತು ಜನರ ಕೈಯನ್ನೂ ಅದಕ್ಕೆ ಕಲಿಸುತ್ತೇನೆ, ಮುಂದಿನ ಕೊಯ್ಲಿಗೆ ಬರುತ್ತೇನೆ ಎಂದಳು ಗಗನಾ. ಯಾರೂ ಬೇಡವೆನ್ನಲಿಲ್ಲ. ಭೂತಯ್ಯ ಮಾತ್ರ, "ಮುತ್ತಮ್ಮಂದು ಕಲ್ತಿದೆಯಲ್ಲ, ನಮ್ದು ಕಲ್ಸಿ ಯಾಕೆ ಕೆಡಿಸ್ತೀರಿ" ಎಂದು ಗೊಣಗಿದ. ಗೋಡೆಯ ಪಕ್ಕದ ಪುಟ್ಟ ಫಲಕದಲ್ಲಿ ಗಗನಾ ತನ್ನ ಹೆಸರಿನ ಮೇಲೆ ಇನ್ನೊಂದು ಸಾಲು ಬರೆದಳು: ಕಲಿಸಿದವರು, ಮುತ್ತಮ್ಮ.

ಮಧ್ಯಾಹ್ನದ ಹೊತ್ತಿಗೆ ಜನ ಕರಗಿದರು. ರೇವತಿ ಮುತ್ತಮ್ಮನನ್ನು ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಬಳೆಗಳನ್ನು ಒಂದೊಂದಾಗಿ ಇಳಿಸಿದಳು. ಹನ್ನೆರಡರಲ್ಲಿ ಆರನ್ನು ತಿರುಗಿ ಅವಳ ಕೈಗೇ ಏರಿಸಿದಳು. ಗಂಡನ ಕಡೆ ನೋಡದೆ ಊಟದ ಕ್ಯಾರಿಯರನ್ನು ಅವನಿರುವ ದಿಕ್ಕಿಗೆ ಒಂದು ಗೇಣು ಸರಿಸಿದಳು.

ಸುರೇಂದ್ರ ಗೋಡೆಯ ಮುಂದೆ ನಿಂತಿದ್ದ. ಕೈ ಬೆನ್ನ ಹಿಂದೆ.

"ನೀವೊಂದು ಸಲ ನೋಡಿ ರೈಟ್ರೆ," ಎಂದಳು ಮುತ್ತಮ್ಮ.

ಅವನ ಕೈಗಳು ಮೊದಲು ಹೊಟ್ಟೆಯ ಮೇಲೆ ಬಂದವು, ಅಲ್ಲಿ ಸ್ವಲ್ಪ ಹೊತ್ತು ನಿಂತವು, ಆಮೇಲೆ ಮುಂದೆ ಹೋದವು. ಎಡಗೈ ಅಡಿಗೆ. ಹೆಬ್ಬೆರಳು ಒಂದು ಸುತ್ತು. ಏನೂ ಆಗಲಿಲ್ಲ. ಮತ್ತೆ ಮಾಡಿದ. ಹತ್ತು ಸಲ ಮಾಡಿದ. ಹೆಗಲು ನೋಯತೊಡಗಿತು. ಇದನ್ನು ಅವಳು ದಿನಕ್ಕೆ ಎಷ್ಟು ಸಾವಿರ ಸಲ ಮಾಡುತ್ತಾಳೆಂದು ಲೆಕ್ಕ ಹಾಕಲು ಹೋಗಿ ಬಿಟ್ಟ. ಮತ್ತೊಮ್ಮೆ ಮಾಡಿದಾಗ ರೆಂಬೆಯ ತುದಿಯಲ್ಲಿ ಒಂದು ಮೊಗ್ಗು ಬಿಳಿಯಾಗಿ, ಅರೆ ಬಿರಿದು, ಅಲ್ಲಿಗೇ ನಿಂತಿತು.

ಮುತ್ತಮ್ಮ ಬಗ್ಗಿ ಅದನ್ನು ನೋಡಿದಳು. ಬಾಗಿಲಲ್ಲಿದ್ದ ಭೂತಯ್ಯನ ಕಡೆ ತಿರುಗಿ ಹಾಜರಿ ಕೂಗುವ ದನಿಯಲ್ಲಿ ಕೂಗಿದಳು.

"ರೈಟ್ರಿಗೆ ಅರ್ಧ ಹಾಜರಿ."

"ಇನ್ನರ್ಧ?" ಎಂದ ಸುರೇಂದ್ರ, ಕೈ ಇಳಿಸದೆ.

"ನಾಳೆ ಬೇಗ ಬನ್ನಿ," ಎಂದಳು ಮುತ್ತಮ್ಮ.